ನೀಲಗಿರಿ ತೋಪಿನಲ್ಲಿ ಮಗುಚಿದ ಗಾಡಿ

ಹೊಸಕೋಟೆಯಲ್ಲಿ ನನ್ನ ವಕೀಲಿ ಕಚೇರಿ ಒಂದು ಬೇಕರಿಯ ಮೇಲಿದೆ. ಕಕ್ಷಿದಾರರು ಮೆಟ್ಟಿಲು ಹತ್ತಿ ಬರುತ್ತಾರೆ. ಆ ದಿನ ಮಾತ್ರ ನಾನೇ ಇಳಿದು ಹೋಗಬೇಕಾಯಿತು. ಕೆಳಗೆ ನಿಂತಿದ್ದ ಆಟೋದ ಹಿಂದಿನ ಸೀಟಿನ ಉದ್ದಕ್ಕೂ ಎಡಗಾಲು ಚಾಚಿಕೊಂಡು, ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಕೂತಿದ್ದರು. ಮೊಣಕಾಲಿನಿಂದ ಪಾದದವರೆಗೆ ಚರ್ಮದ ಹೊರಗೇ ಉಕ್ಕಿನ ಸರಳುಗಳು. ಅವುಗಳ ಮೇಲೆ ಧೂಳು ಬೀಳದಂತೆ ಹಳೆಯ ಕಾಟನ್ ಸೀರೆಯ ತುಂಡು ಸುತ್ತಿದ್ದರು.

"ಬೇಜಾರ್ ಮಾಡ್ಕೋಬೇಡಿ ಮೇಡಂ," ಎಂದರು. "ದಿನಾ ಬಸ್ಸಲ್ಲಿ ನಿಂತ್ಕೊಂಡು ಎಲ್ರಿಗೂ ಹತ್ತಿ ಹತ್ತಿ ಅಂತಿದ್ದೆ. ಈಗ ನಂಗೇ ಹತ್ತೋಕಾಗ್ತಿಲ್ಲ."

ಅವರು ಸಿಟಿ ಬಸ್ಸಿನ ಕಂಡಕ್ಟರ್. ಗಂಡ ಇಲ್ಲಿಯೇ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವರು. ಆಟೋದ ಕಂಬಿ ಹಿಡಿದುಕೊಂಡು ಹೊರಗೆ ನಿಂತಿದ್ದ ಅವರು ಹೆಂಡತಿಯ ಮುಖ ನೋಡದೆ ನನಗೆ ಹೇಳಿದರು: "ಈ ವಯಸ್ನಲ್ಲಿ ಇವ್ಳಿಗೆ ಆ ಗಾಡಿ ಹತ್ತು ಅಂತ ಯಾರು ಹೇಳಿದ್ರು ಕೇಳಿ ಮೇಡಂ. ಮಕ್ಕಳಾಟ ಆಡೋಕೆ ಹೋಗಿ ಕಾಲು ಕಳ್ಕೊಂಡ್ಲು."

ಆಕೆ ಸರಳುಗಳ ಮೇಲಿನ ಸೀರೆಯ ತುಂಡನ್ನು ಸರಿಪಡಿಸಿಕೊಂಡರು. ನಾನು ಆಟೋದ ಮುಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಕೂತು ಬರೆದುಕೊಳ್ಳತೊಡಗಿದೆ.

ಡಿಪೋದ ಹೆಂಗಸರು ಆರೇಳು ಜನ ವಾರದ ರಜೆ ಹೊಂದಿಸಿಕೊಂಡು ನಂದಗುಡಿ ಕಡೆಯ ಒಂದು ರೆಸಾರ್ಟಿಗೆ ಹೋಗಿದ್ದರು. ಹಳೆಯ ನೀಲಗಿರಿ ತೋಪಿನ ನಡುವೆ ಮಣ್ಣಿನ ಜಾಡು ಮಾಡಿ, ದಪ್ಪ ಟೈರಿನ ನಾಲ್ಕು ಚಕ್ರದ ಬೈಕುಗಳನ್ನು ಅಲ್ಲಿ ಬಾಡಿಗೆಗೆ ಓಡಿಸುತ್ತಾರೆ. ಎಟಿವಿ ಎಂದು ಅದರ ಹೆಸರು. ಸ್ಟೀರಿಂಗಿಲ್ಲ, ಬೈಕಿನಂತೆ ಹ್ಯಾಂಡಲ್. ಬಲಗೈ ಹೆಬ್ಬೆರಳಿನಿಂದ ಒತ್ತಿದರೆ ಮುಂದೆ ಹೋಗುತ್ತದೆ. ಜೊತೆಯವರೆಲ್ಲ ಒಂದೊಂದು ಸುತ್ತು ಹೊಡೆದ ಮೇಲೆ ಇವರ ಸರದಿ ಬಂತು. ಇಳಿಜಾರಿನಲ್ಲಿ ಬ್ರೇಕ್ ಹಿಡಿದರು. ಹಿಡಿ ಪೂರ್ತಿ ಒಳಕ್ಕೆ ಬಂತು, ಗಾಡಿ ನಿಲ್ಲಲಿಲ್ಲ. ತಿರುವಿನಲ್ಲಿ ಮಳೆನೀರು ಕೊರೆದಿದ್ದ ಕೊರಕಲಿಗೆ ಮುಂದಿನ ಚಕ್ರ ಇಳಿದು ಗಾಡಿ ಅವರ ಕಾಲಿನ ಮೇಲೆ ಮಗುಚಿತು.

"ಮೇಲೆತ್ತೋಕೆ ನಾಲ್ಕ್ ಜನ ಬೇಕಾಯ್ತು," ಎಂದರು. "ಅದ್ರ ಸೈಲೆನ್ಸರ್ ಸುಡ್ತಿತ್ತು ನೋಡಿ, ಮೂಳೆ ಮುರಿದಿದ್ದು ಗೊತ್ತಾಗ್ಲಿಲ್ಲ, ಸುಟ್ಟಿದ್ದೇ ಗೊತ್ತಾಯ್ತು."

ನಾನು ಆಸ್ಪತ್ರೆಯ ಕಾಗದ ತೆಗೆದು ನೋಡಿದೆ. 'ರಸ್ತೆಯಲ್ಲಿ ಬಿದ್ದು ಗಾಯ' ಎಂದಿತ್ತು. ಯಾರು ಹೀಗೆ ಬರೆಸಿದ್ದು ಎಂದು ಕೇಳಿದೆ.

"ರೆಸಾರ್ಟಿನ ಮ್ಯಾನೇಜರ್. ಅವ್ರದೇ ಜೀಪಲ್ಲಿ ಕರ್ಕೊಂಡ್ ಹೋದ್ರು. ನಂಗೆ ಅಷ್ಟೊತ್ತಿಗೆ ಅರ್ಧ ಪ್ರಜ್ಞೆ ಇರ್ಲಿಲ್ಲ. ಬಿಲ್ಲಿನ ಮೊದಲ ಕಂತು ಕಟ್ಟಿ ಹೋದೋರು ಆಮೇಲೆ ಫೋನೂ ಎತ್ತಲಿಲ್ಲ."

ಮೇಲೆ ಹೋಗಿ ಕುರ್ಚಿಯಲ್ಲಿ ಕೂತು ಇರುವ ದಾರಿಗಳನ್ನು ಲೆಕ್ಕ ಹಾಕಿದೆ. ರಸ್ತೆ ಅಪಘಾತದ ಕೇಸು ನನಗೆ ಹೊಸದಲ್ಲ. ಹಳೆ ಮದ್ರಾಸ್ ರಸ್ತೆ ಹಾದುಹೋಗುವ ಊರಿನಲ್ಲಿ ಯಾವ ವಕೀಲರಿಗೂ ಅದು ಹೊಸದಲ್ಲ. ಎಫ್ಐಆರ್, ಗಾಡಿಯ ನಂಬರು, ಅದರ ವಿಮೆ, ಗಾಯದ ಪ್ರಮಾಣಪತ್ರ. ಇಷ್ಟಿದ್ದರೆ ಅಪಘಾತ ಪರಿಹಾರ ನ್ಯಾಯಮಂಡಳಿಯ ದಾರಿ ಸಲೀಸು. ಈ ಗಾಡಿಗೆ ನಂಬರ್ ಪ್ಲೇಟೇ ಇಲ್ಲ. ನೋಂದಣಿ ಇಲ್ಲದ್ದಕ್ಕೆ ವಿಮೆ ಎಲ್ಲಿಂದ ಬರಬೇಕು? ಬೇಲಿ ಹಾಕಿದ ಖಾಸಗಿ ಜಾಗದೊಳಗೆ ಮಾತ್ರ ಓಡಿಸಲು ಮಾಡಿದ ವಾಹನ ಕಾನೂನಿನ ಪ್ರಕಾರ ಮೋಟಾರು ವಾಹನವೇ ಅಲ್ಲ ಎಂದು ಎದುರಿನವರು ವಾದಿಸುತ್ತಾರೆ. ವಾದದಲ್ಲಿ ನಾವು ಗೆದ್ದರೂ ವರ್ಷಗಳು ಹೋಗುತ್ತವೆ. ಆ ಮಂಡಳಿಗೆ ಹೋಗುವುದಾದರೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು ಕಾಯಿದೆ ಹೇಳುತ್ತದೆ, ಅದರಲ್ಲಿ ಒಳ್ಳೆಯ ಪಾಲು ಆಸ್ಪತ್ರೆಯ ಹಾಸಿಗೆಯಲ್ಲೇ ಕಳೆದುಹೋಗಿತ್ತು.

ಸಿವಿಲ್ ಕೋರ್ಟಿಗೆ ಹೋಗಬಹುದಿತ್ತು, ಆದರೆ ಕೇಳುವ ಪರಿಹಾರಕ್ಕೆ ತಕ್ಕ ಶುಲ್ಕ ಮೊದಲೇ ಕಟ್ಟಬೇಕು. ಉಳಿದದ್ದು ಗ್ರಾಹಕರ ಆಯೋಗ. ದುಡ್ಡು ತೆಗೆದುಕೊಂಡು ಗಾಡಿ ಕೊಟ್ಟ ಮೇಲೆ ಅದು ಸೇವೆ. ಬ್ರೇಕಿಲ್ಲದ ಗಾಡಿ ಕೊಟ್ಟರೆ ಸೇವೆಯಲ್ಲಿ ಲೋಪ. ಅಲ್ಲಿ ಎರಡು ವರ್ಷದ ಅವಕಾಶವಿದೆ. ಟಿಕೆಟಿನ ಹಣ ಕೊಟ್ಟಿದ್ದು ಇವರ ಸಹೋದ್ಯೋಗಿಯಾದರೂ ಚಿಂತೆಯಿಲ್ಲ, ಒಬ್ಬರು ಹಣ ಕೊಟ್ಟು ಇನ್ನೊಬ್ಬರು ಸೇವೆ ಪಡೆದರೆ ಅವರೂ ಗ್ರಾಹಕರೇ. ತೊಡಕಿದ್ದದ್ದು ಒಂದು ಸಹಿಯಲ್ಲಿ. ಗಾಡಿ ಹತ್ತುವ ಮುಂಚೆ, 'ಏನಾದರೂ ನನ್ನದೇ ಹೊಣೆ' ಎಂಬ ಇಂಗ್ಲಿಷ್ ಕಾಗದಕ್ಕೆ ಎಲ್ಲರಿಂದಲೂ ಸಹಿ ಹಾಕಿಸಿಕೊಂಡಿದ್ದರು.

ಮೊದಲು ಪೊಲೀಸ್ ಠಾಣೆಗೆ ಹೋದೆ. ಅಲ್ಲಿನ ಅಧಿಕಾರಿ ದೂರು ಓದಿ ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿದರು.

"ಮೇಡಂ, ಪ್ರೈವೇಟ್ ಜಾಗ. ಇವ್ರೇ ಓಡ್ಸಿದಾರೆ, ಇವ್ರೇ ಬಿದ್ದಿದಾರೆ. ನಾನು ಯಾರ ಮೇಲೆ ಕೇಸ್ ಹಾಕ್ಲಿ? ಆಸ್ಪತ್ರೆ ಕಾಗದದಲ್ಲಿ ರಸ್ತೆ ಅಂತಿದೆ, ನೀವು ರೆಸಾರ್ಟ್ ಅಂತೀರಿ. ಮೊದ್ಲು ಅದನ್ನ ಸರಿ ಮಾಡ್ಕೊಂಡ್ ಬನ್ನಿ."

ದೂರು ದಾಖಲಿಸಲಾಗದು ಎಂದೇ ಬರೆದು ಹಿಂಬರಹ ಕೊಡಿ ಎಂದೆ. ಅದಕ್ಕಾಗಿ ಮೂರು ಸಲ ಅಲೆದೆ. ಕೊನೆಗೆ ದೂರನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಮೇಲಧಿಕಾರಿಗೆ ಕಳಿಸಿದೆ. ಅದೇ ದಿನ ರೆಸಾರ್ಟಿಗೂ ನೋಟಿಸು ಕಳಿಸಿದೆ: ಆ ಗಾಡಿಯನ್ನು ಇದ್ದ ಸ್ಥಿತಿಯಲ್ಲೇ ಇಡಿ, ರಿಪೇರಿ ಮಾಡಬೇಡಿ, ಮಾರಬೇಡಿ. ಜೊತೆಗಿದ್ದ ಹೆಂಗಸರ ಫೋನುಗಳಲ್ಲಿದ್ದ ವಿಡಿಯೋ ತರಿಸಿಕೊಂಡೆ. ಎಲ್ಲರೂ ಹೊರಡುವುದನ್ನು ಹಿಡಿದಿದ್ದರು. ಹೆಲ್ಮೆಟ್ಟಿನೊಳಗೆ ಇವರು ನಗುತ್ತಿದ್ದದ್ದು, ಕೈ ಬೀಸಿದ್ದು ಎಲ್ಲ ಇತ್ತು. ತಿರುವು ಯಾರ ಫೋನಿನಲ್ಲೂ ಇರಲಿಲ್ಲ. ಗಾಡಿ ಮರಗಳ ಹಿಂದೆ ಮರೆಯಾದ ಮೇಲೆ ಎಲ್ಲರೂ ಫೋನ್ ಇಳಿಸಿದ್ದರು. ಆ ನಗುವನ್ನೇ ಎಷ್ಟು ಸಲ ನೋಡಿದೆನೋ.

ಒಂದು ಭಾನುವಾರ ನನ್ನ ತಮ್ಮನನ್ನು ಕರೆದುಕೊಂಡು ರೆಸಾರ್ಟಿಗೆ ಗಿರಾಕಿಗಳಂತೆ ಹೋದೆ. ಆ ತಿರುವಿಗೆ ಹೊಸ ಮಣ್ಣು ತುಂಬಿ ಸಮ ಮಾಡಿದ್ದರು. ಸುತ್ತ ಹಳೆಯ ಟೈರುಗಳನ್ನು ನೆಟ್ಟು ಕೆಂಪು ಬಿಳಿ ಬಣ್ಣ ಬಳಿದಿದ್ದರು. ಸಾಲಾಗಿ ನಿಂತ ಗಾಡಿಗಳಲ್ಲಿ ನಮ್ಮ ವಿಡಿಯೋದ ಹಸಿರು ಗಾಡಿ ಇರಲಿಲ್ಲ. ಕೇಳಿದರೆ, "ಅದು ಗುಜರಿಗೆ ಹೋಯ್ತು," ಎಂದ ಅಲ್ಲಿನವನೊಬ್ಬ. ನೋಟಿಸು ಅವರ ಕೈಸೇರಿದ ಅಂಚೆ ರಸೀದಿ ನನ್ನ ಬಳಿ ಇತ್ತು. ನೋಟಿಸು ತಲುಪಿದ ಮೇಲೂ ಮಾರಿದ್ದಾರೆ ಎಂಬುದು ಕಾನೂನಿನಲ್ಲಿ ನಮಗೇ ಅನುಕೂಲ. ಆದರೂ ದಾರಿಯುದ್ದಕ್ಕೂ ಆ ಹಸಿರು ಗಾಡಿಯೇ ನನ್ನ ತಲೆಯಲ್ಲಿತ್ತು. ತಮ್ಮ ಎರಡು ಸಲ "ಅಕ್ಕಾ, ಟೀ ಕುಡಿಯೋಣ್ವಾ?" ಎಂದು ಕೇಳಬೇಕಾಯಿತು.

ಅದಾದ ಸ್ವಲ್ಪ ದಿನಕ್ಕೆ ಕಂಡಕ್ಟರ್ ಅವರ ಗಂಡ ಒಬ್ಬರೇ ಕಚೇರಿಗೆ ಬಂದರು. ಮುಖದಲ್ಲಿ ಹೊಸ ಕಳೆ ಇತ್ತು.

"ರೆಸಾರ್ಟಿನೋರು ಬಂದಿದ್ರು ಮೇಡಂ. ದಾರಿ ಸಿಕ್ತು ಅಂದ್ಕೊಳ್ಳಿ."

ದಾರಿ ಇದು: ರೆಸಾರ್ಟಿನ ಜೀಪಿಗೆ ನೋಂದಣಿ ಇದೆ, ವಿಮೆ ಇದೆ. ರಸ್ತೆ ದಾಟುವಾಗ ಆ ಜೀಪು ಬಂದು ಗುದ್ದಿತು ಎಂದು ಇವರು ದೂರು ಕೊಡಬೇಕು. ಜೀಪಿನ ಚಾಲಕ ಹೌದೆಂದು ತಪ್ಪೊಪ್ಪಿಕೊಂಡು ದಂಡ ಕಟ್ಟುತ್ತಾನೆ. ಆಸ್ಪತ್ರೆಯ ಕಾಗದದಲ್ಲಿ ಹೇಗೂ ರಸ್ತೆ ಎಂದಿದೆ. ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿ ಪರಿಹಾರ ಕೊಡುತ್ತದೆ, ರೆಸಾರ್ಟಿನ ಹೆಸರು ಎಲ್ಲೂ ಬರುವುದಿಲ್ಲ.

ಇಂಥದ್ದು ನಡೆಯುವುದಿಲ್ಲವೇ ಎಂದರೆ, ನಡೆಯುತ್ತದೆ. ಗುದ್ದಿದ ಗಾಡಿ ಒಂದು, ಕಾಗದದಲ್ಲಿ ನಿಲ್ಲಿಸುವ ಗಾಡಿ ಇನ್ನೊಂದು. ಕೋರ್ಟಿನ ಕಾರಿಡಾರಿನಲ್ಲಿ ಇದನ್ನು ಗುಟ್ಟಾಗಿ ಅಲ್ಲ, ಎಲ್ಲರೆದುರೇ ಮಾತಾಡುತ್ತಾರೆ. ನಾನು ಆಗುವುದಿಲ್ಲ ಎಂದೆ. ಆ ಸುಳ್ಳಿನ ಅರ್ಜಿಗೆ ನಾನು ಸಹಿ ಹಾಕುವುದಿಲ್ಲ, ಸಿಕ್ಕಿಬಿದ್ದರೆ ಮೊದಲು ಜೈಲಿನ ಬಾಗಿಲು ಕಾಣುವುದು ನಿಮ್ಮ ಹೆಂಡತಿ ಎಂದೂ ಹೇಳಿದೆ.

"ನಿಮಗೇನ್ ಮೇಡಂ," ಎಂದು ಅವರು ಎದ್ದರು. "ರಾತ್ರಿ ಅವಳು ಬಾತ್ ರೂಮಿಗೆ ಹೋಗ್ಬೇಕಂದ್ರೆ ಎತ್ಕೊಂಡ್ ಹೋಗೋನು ನಾನು. ನಿಮ್ಮ ಆಯೋಗ ಯಾವಾಗ ಕೊಡುತ್ತೆ? ಕೊಟ್ಟೇ ಕೊಡುತ್ತೆ ಅಂತ ಬರ್ದು ಕೊಡ್ತೀರಾ?"

ಬರೆದು ಕೊಡಲಾರೆ ಎಂದೆ. ಫೈಲು ವಾಪಸ್ಸು ಕೊಡಿ, ಬೇರೆ ವಕೀಲರನ್ನು ನೋಡುತ್ತೇವೆ ಎಂದರು. ನಿಮ್ಮ ಹೆಂಡತಿ ಬಂದು ಕೇಳಲಿ, ಕೊಡುತ್ತೇನೆ ಎಂದೆ. ಮೆಟ್ಟಿಲಿಳಿದು ಹೋದ ಅವರ ಹೆಜ್ಜೆ ಸದ್ದು ತುಂಬ ಹೊತ್ತು ಕಿವಿಯಲ್ಲಿತ್ತು.

ಆ ವಾರ ನನಗೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಬೇರೊಂದು ಕೇಸಿನ ಪಾಟೀಸವಾಲಿನ ನಡುವೆ ಪ್ರಶ್ನೆ ಮರೆತು ನಿಂತೆ. ಫೋನ್ ಕಂಪಿಸಿದಾಗಲೆಲ್ಲ ಅವರೇ ಇರಬಹುದೆಂದು ತೆಗೆದೆ. ನನ್ನ ದಾರಿ ಸರಿ ಎಂದು ಗೊತ್ತಿತ್ತು, ಆದರೆ ಆ ದಾರಿಯಲ್ಲಿ ನಡೆಯಬೇಕಾದ ಕಾಲು ನನ್ನದಲ್ಲವಲ್ಲ. ಹಿರಿಯ ವಕೀಲರೊಬ್ಬರು ಕ್ಯಾಂಟೀನಿನಲ್ಲಿ ವಡೆ ಮುರಿಯುತ್ತ, "ನೀನು ಬಿಟ್ರೆ ಇನ್ನೊಬ್ಬ ಹಾಕ್ತಾನೆ ಕಣಮ್ಮಾ. ಆ ಯಮ್ಮಂಗೆ ನಾಕ್ ಕಾಸು ಸಿಗ್ಲಿ ಬಿಡು," ಎಂದರು. ಅವರು ಕೆಟ್ಟವರಲ್ಲ. ಅದೇ ನನ್ನನ್ನು ಇನ್ನಷ್ಟು ಕಲಕಿತು.

ಕೊನೆಗೆ ಕಂಡಕ್ಟರೇ ಫೋನ್ ಮಾಡಿದರು. "ನಾಳೆ ಆ ಮ್ಯಾನೇಜರ್ ಮನೆಗೆ ಬರ್ತಾನಂತೆ ಮೇಡಂ, ಜೀಪಿನ ಡ್ರೈವರ್‌ನೂ ಕರ್ಕೊಂಡು. ನೀವೂ ಬನ್ನಿ. ಏನ್ ಮಾತಾಡ್ತಾರೋ ನಿಮ್ ಮುಂದೇನೇ ಮಾತಾಡ್ಲಿ."

ಅವರ ಮನೆ ಊರಿನ ಹೊರಗೆ, ಹೊಸ ಬಡಾವಣೆಯಲ್ಲಿ. ನಡುಮನೆಯಲ್ಲಿ ಮಂಚ ಹಾಕಿ ಅವರನ್ನು ಒರಗಿಸಿ ಕೂರಿಸಿದ್ದರು. ಮ್ಯಾನೇಜರ್ ನಯವಾದ ಮನುಷ್ಯ, ಹಣ್ಣಿನ ಬುಟ್ಟಿ ತಂದಿದ್ದ. ಮೂವತ್ತು ದಾಟಿದ, ಸಣಕಲು ಮೈಯ ಚಾಲಕ ಬಾಗಿಲ ಬಳಿಯೇ ನಿಂತಿದ್ದ. ಮ್ಯಾನೇಜರ್ ಯೋಜನೆಯನ್ನು ಇನ್ನೊಮ್ಮೆ ಬಿಡಿಸಿ ಹೇಳಿದ. ಯಾರಿಗೂ ನಷ್ಟವಿಲ್ಲ, ವಿಮಾ ಕಂಪನಿಯವರು ಇರುವುದೇ ಕೊಡುವುದಕ್ಕೆ ಎಂದ. ಕಂಡಕ್ಟರ್ ಅವನ ಮಾತು ಮುಗಿಯುವವರೆಗೆ ಕಾದು ಚಾಲಕನ ಕಡೆ ತಿರುಗಿದರು.

"ನಿನ್ನ ಲೈಸೆನ್ಸು ಯಾವ್ದಪ್ಪಾ? ಹೆವಿನಾ?"

"ಹೌದಕ್ಕಾ. ಈ ವರ್ಷ ಮಾಡಿಸ್ದೆ."

"ಯಾಕೆ ಮಾಡಿಸ್ದೆ?"

ಚಾಲಕ ಮ್ಯಾನೇಜರನ ಮುಖ ನೋಡಿದ. "ಸ್ಕೂಲ್ ಬಸ್ಸಿಗೆ ಹೋಗೋಣ ಅಂತಿತ್ತು. ನಮ್ಮೂರಿನ ಹತ್ರಾನೇ ಇದೆ ಸ್ಕೂಲು."

"ಅಲ್ಲಿ ಪೊಲೀಸ್ ಸರ್ಟಿಫಿಕೇಟ್ ಕೇಳ್ತಾರಲ್ವಾ? ಕೇಸ್ ಬಿದ್ದೋರಿಗೆ ಕೊಡ್ತಾರಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಅಮ್ಮಾ, ಅದೆಲ್ಲಾ ನಾವು ನೋಡ್ಕೋತೀವಿ," ಎಂದ ಮ್ಯಾನೇಜರ್.

"ನೀವು ಅವ್ನನ್ನ ನೋಡ್ಕೊಳೋದು ಇರ್ಲಿ, ನನ್ನನ್ನ ಹೆಂಗ್ ನೋಡ್ಕೊಂಡ್ರಿ ಅಂತ ಕಾಣ್ತಿದೆಯಲ್ಲ ಸಾರ್." ಅವರ ದನಿ ಏರಲಿಲ್ಲ. "ನನ್ ಜೊತೆ ಡ್ಯೂಟಿ ಮಾಡ್ತಿದ್ದ ಡ್ರೈವರ್ ಒಬ್ರಿದ್ರು. ಅವ್ರ ತಪ್ಪಿಲ್ದೆ ಒಂದು ಕೇಸ್ ಬಿತ್ತು. ತಪ್ಪಿಲ್ಲ ಅಂತ ಕೋರ್ಟ್ ಹೇಳೋ ಹೊತ್ತಿಗೆ ಆ ಮನುಷ್ಯ ಸ್ಟೀರಿಂಗ್ ಮುಟ್ಟೋದೇ ಬಿಟ್ಬಿಟ್ಟಿದ್ರು. ತಪ್ಪೇ ಮಾಡದೆ ಇರೋನ್ ಮೇಲೆ ನಾನೇ ಕೂತ್ಕೊಂಡು ಅಂಥದ್ದೊಂದು ಕೇಸ್ ಹಾಕ್ಲಾ? ಅವತ್ತು ನನ್ನನ್ನ ಜೀಪಿಗೆ ಎತ್ತಿ ಹಾಕಿ, ದಾರಿಯುದ್ದಕ್ಕೂ 'ಅಕ್ಕಾ ನಿದ್ದೆ ಮಾಡ್ಬೇಡಿ' ಅಂತ ಮಾತಾಡಿಸ್ಕೊಂಡು ಹೋದೋನು ಇವ್ನು."

ಗಂಡ ಕಿಟಕಿಯ ಬಳಿ ನಿಂತು, "ಲೇ, ನಮ್ ಗತಿ ಯೋಚ್ನೆ ಮಾಡೇ," ಎಂದರು. ಗದರಿದಂತಿರಲಿಲ್ಲ, ಬೇಡಿಕೊಂಡಂತಿತ್ತು.

"ಯೋಚ್ನೆ ಮಾಡಿದೀನಿ ರೀ. ಮಲಗಿದ ಕಡೇನೇ ಇನ್ನೇನ್ ಕೆಲ್ಸ ನಂಗೆ?" ಎಂದ ಅವರು ನನ್ನ ಕಡೆ ನೋಡಿದರು. "ಮೇಡಂ, ಆಯೋಗಕ್ಕೆ ಹಾಕಿ. ಎಲ್ಲಿ ಬಿದ್ನೋ ಅಲ್ಲೇ ಬಿದ್ದೆ ಅಂತ ಬರೀರಿ."

ಮ್ಯಾನೇಜರ್ ಎದ್ದ. ಹಣ್ಣಿನ ಬುಟ್ಟಿ ಅಲ್ಲೇ ಉಳಿಯಿತು. ಚಾಲಕ ಹೊರಡುವಾಗ ಕೈಮುಗಿದ, ಯಾರಿಗೆಂದು ತಿಳಿಯಲಿಲ್ಲ.

ದೂರು ತಯಾರಿಸಲು ಕೂತಾಗ ಕಷ್ಟ ಇನ್ನೂ ಸ್ಪಷ್ಟವಾಯಿತು. ಗಾಡಿ ಇಲ್ಲ, ಕೊರಕಲು ಮುಚ್ಚಿದೆ, ಆಸ್ಪತ್ರೆಯ ಕಾಗದ ನಮಗೇ ವಿರುದ್ಧ. ಮಾಹಿತಿ ಹಕ್ಕಿನಲ್ಲಿ ಪಂಚಾಯಿತಿಗೆ ಅರ್ಜಿ ಹಾಕಿ ಕಾದೆ. ರೆಸಾರ್ಟಿಗೆ ಊಟ ವಸತಿಗೆ ಮಾತ್ರ ಪರವಾನಗಿ, ಸಾಹಸ ಕ್ರೀಡೆಗೆ ಯಾವ ಅನುಮತಿಯೂ ಇಲ್ಲ ಎಂಬ ಉತ್ತರ ಬಂತು. ಜೊತೆಗಿದ್ದ ಹೆಂಗಸರಿಂದ ಸಾಕ್ಷಿಯ ಪ್ರಮಾಣಪತ್ರ ಬರೆಸಿದೆ. ಅವರಲ್ಲೊಬ್ಬರು, ತಾವು ಅದೇ ಗಾಡಿ ಓಡಿಸಿ ಇಳಿದಾಗ ಬ್ರೇಕ್ ಸಡಿಲವಿದೆ ಎಂದು ಅಲ್ಲಿನವನಿಗೆ ಹೇಳಿದ್ದನ್ನು ನೆನಪಿಸಿಕೊಂಡರು. ಮೂಳೆ ವೈದ್ಯರು ಪಾದದ ಕೀಲು ಇನ್ನು ಬಾಗುವುದಿಲ್ಲ, ನಿಂತು ಮಾಡುವ ಕೆಲಸಕ್ಕೆ ಆಗದು ಎಂದು ಬರೆದುಕೊಟ್ಟರು. ಆನ್‌ಲೈನಿನಲ್ಲಿ ದೂರು ಹಾಕುವಾಗ ಪುಟ ನಾಲ್ಕಾರು ಸಲ ಕೈಕೊಟ್ಟಿತು. ಕೊನೆಗೆ ದಾಖಲಾದಾಗ ಕುರ್ಚಿಯಿಂದ ಎದ್ದು ಕಿಟಕಿಯವರೆಗೆ ಹೋಗಿ ಸುಮ್ಮನೆ ವಾಪಸ್ಸು ಬಂದೆ.

ರೆಸಾರ್ಟಿನವರ ಉತ್ತರ ಅಂದುಕೊಂಡಂತೆಯೇ ಇತ್ತು. ಈಕೆ ನಮ್ಮ ಗಾಡಿ ಓಡಿಸಿಯೇ ಇಲ್ಲ, ಹೊರಗೆ ರಸ್ತೆಯಲ್ಲಿ ಬಿದ್ದರು, ಆಸ್ಪತ್ರೆಯ ಕಾಗದವೇ ಸಾಕ್ಷಿ. ಓಡಿಸಿದ್ದರೆಂದೇ ಇಟ್ಟುಕೊಂಡರೂ ಸಹಿ ಹಾಕಿದ್ದಾರೆ, ಅಜಾಗರೂಕತೆ ಅವರದೇ. ವಿಡಿಯೋ ಇದ್ದುದರಿಂದ ಓಡಿಸಿಲ್ಲ ಎಂಬ ಮಾತು ನಿಲ್ಲುತ್ತಿರಲಿಲ್ಲ. ಆದರೆ ಬಿದ್ದದ್ದು ಎಲ್ಲಿ ಎಂಬ ಪ್ರಶ್ನೆಯನ್ನು ಅವರು ಆ ಕಾಗದ ಹಿಡಿದು ಎಳೆದಾಡಬಹುದಿತ್ತು.

ಹೀಗಿರುವಾಗ ಒಂದು ಸಂಜೆ ಜೀಪಿನ ಚಾಲಕ ನನ್ನ ಕಚೇರಿಗೆ ಬಂದ. ಕೆಲಸ ಬಿಟ್ಟಿದ್ದ. ಬಿಡಿಸಿದರೋ ತಾನೇ ಬಿಟ್ಟನೋ, ನಾನು ಕೇಳಲಿಲ್ಲ. ಗಾಡಿಯ ಬ್ರೇಕಿನ ಬಗ್ಗೆ ತನಗೇನೂ ಗೊತ್ತಿಲ್ಲ, ಅದನ್ನು ಹೇಳಲಾರೆ ಎಂದು ಮೊದಲೇ ಹೇಳಿಬಿಟ್ಟ.

"ನಾನು ಕಣ್ಣಾರೆ ಕಂಡಿದ್ದಷ್ಟೇ ಹೇಳ್ತೀನಿ ಮೇಡಂ. ತೋಪಿನೊಳಗಿಂದ ಅಕ್ಕನ್ನ ಎತ್ಕೊಂಡ್ ಬಂದು ಜೀಪಿಗೆ ಹಾಕ್ಕೊಂಡಿದ್ದು ನಾನೇ. ಆಸ್ಪತ್ರೆಲಿ ರೋಡಲ್ಲಿ ಬಿದ್ರು ಅಂತ ಮ್ಯಾನೇಜರ್ ಬರೆಸಿದ್ದು ನನ್ನೆದುರ್ಗೇ. ಇದಕ್ಕೆ ಸಾಕ್ಷಿ ಹಾಕ್ತೀನಿ. ಜಾಸ್ತಿ ಕೇಳ್ಬೇಡಿ."

ಜಾಸ್ತಿ ಕೇಳಲಿಲ್ಲ. ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಕನ್ನಡದಲ್ಲಿ ಬರೆಸಿ, ಓದಿ ಹೇಳಿ, ನೋಟರಿ ಮುಂದೆ ಸಹಿ ಹಾಕಿಸಿದೆ.

ವಾದದ ದಿನ ಕಂಡಕ್ಟರ್ ಕೋಲೂರಿಕೊಂಡು ಬಂದರು. ಸರಳು ತೆಗೆದಿದ್ದರು, ಪಾದ ಬಾಗದೆ ಮರದಂತಿತ್ತು. ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ, ಅಲ್ಲಿ ಮಾತಾಡೋಕೆ ಜನಾನೇ ಇಲ್ಲ ಎಂದು ಗೊಣಗಿದರು. ಎದುರಿನ ವಕೀಲರು ಸಹಿಯ ಮೇಲೆಯೇ ಬಹಳ ಹೊತ್ತು ನಿಂತರು. ವಿದ್ಯಾವಂತೆ, ನೌಕರಿಯಲ್ಲಿರುವವರು, ತಿಳಿದೇ ಸಹಿ ಮಾಡಿದ್ದಾರೆ. ವಯಸ್ಸಿಗೆ ತಕ್ಕ ವಿವೇಚನೆ ಇರಬೇಕಿತ್ತು ಎಂದರು. ಆ ಕೊನೆಯ ಮಾತಿಗೆ ಕಂಡಕ್ಟರ್ ತಲೆ ತಗ್ಗಿಸಿದ್ದನ್ನು ನಾನು ಕಂಡೆ. ಇಷ್ಟು ದಿನ ಮನೆಯಲ್ಲಿ, ಡಿಪೋದಲ್ಲಿ, ನೆಂಟರ ನಡುವೆ ಅವರು ಕೇಳುತ್ತ ಬಂದದ್ದು ಇದನ್ನೇ.

ಆಯೋಗದ ಮಹಿಳಾ ಸದಸ್ಯರು ಅವರನ್ನೇ ನೇರವಾಗಿ ಕೇಳಿದರು: "ಅಮ್ಮಾ, ನೀವು ಆ ಕಾಗದ ಓದಿದ್ರಾ?"

ಕಂಡಕ್ಟರ್ ಎದ್ದು ನಿಲ್ಲಲು ಹೋದರು. ಕೂತೇ ಹೇಳಿ ಎಂದರು ಸದಸ್ಯರು.

"ಓದಿದೆ ಮೇಡಂ. ಬಿದ್ರೆ ನನ್ನ ಜವಾಬ್ದಾರಿ ಅಂತಿತ್ತು. ಒಪ್ಕೊಂಡೇ ಸಹಿ ಹಾಕ್ದೆ. ಬ್ರೇಕ್ ಸರಿಯಾಗಿ ಇಡೋದು ಯಾರ ಜವಾಬ್ದಾರಿ ಅಂತ ಅದ್ರಲ್ಲಿರ್ಲಿಲ್ಲ."

ಎದುರಿನ ವಕೀಲರು ಕಾಗದ ತಿರುವಿಹಾಕಿದರು. ನಾನು ಎದ್ದು ಅಂಚೆ ರಸೀದಿ, ಚಾಲಕನ ಪ್ರಮಾಣಪತ್ರ, ಪಂಚಾಯಿತಿಯ ಉತ್ತರ ಇವಿಷ್ಟನ್ನು ತೋರಿಸಿ ಕೂತೆ. ಹೇಳಬೇಕಾದದ್ದನ್ನು ಅವರೇ ಹೇಳಿಯಾಗಿತ್ತು.

ಆದೇಶದ ದಿನಾಂಕ ಎರಡು ಸಲ ಮುಂದಕ್ಕೆ ಹೋಯಿತು. ಮೂರನೆಯ ಸಲ ದಂಪತಿಗಳಿಬ್ಬರೂ ಬಂದಿದ್ದರು. ದೂರು ಭಾಗಶಃ ಮಂಜೂರಾಗಿದೆ ಎಂದು ಒಳಗೆ ಒಂದೇ ವಾಕ್ಯದಲ್ಲಿ ಹೇಳಿದರು. ನಾವು ಕೇಳಿದ್ದಕ್ಕಿಂತ ಕಡಿಮೆ ಪರಿಹಾರ, ಅದರ ಮೇಲೆ ಬಡ್ಡಿ. ರೆಸಾರ್ಟಿನವರು ಮೇಲ್ಮನವಿಗೆ ಹೋಗುತ್ತಾರೆ, ಹೋದರೆ ಅರ್ಧ ಠೇವಣಿ ಇಟ್ಟೇ ಹೋಗಬೇಕು, ಇನ್ನೂ ಓಡಾಟವಿದೆ ಎಂದು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿಕೊಂಡು ಅವರಿಗೆ ವಿವರಿಸುತ್ತಿದ್ದೆ. ಕಂಡಕ್ಟರ್ ಅರ್ಧದಲ್ಲೇ ತಡೆದರು.

"ಅದಿರ್ಲಿ ಮೇಡಂ. ನನ್ನ ತಪ್ಪು ಅಂತ ಬರ್ದಿದಾರಾ?"

ಆದೇಶ ಇಂಗ್ಲಿಷಿನಲ್ಲಿತ್ತು. ನಾನು ಪುಟ ತಿರುವಿ ಆ ಭಾಗ ಹುಡುಕಿ, ನಿಧಾನವಾಗಿ ಕನ್ನಡ ಮಾಡಿ ಓದಿದೆ. ಬ್ರೇಕ್ ಸರಿಯಿಲ್ಲವೆಂದು ತಿಳಿದೂ ಗಾಡಿ ಕೊಟ್ಟವರು ಸಹಿಯ ಹಿಂದೆ ಅಡಗಲಾಗದು. ಆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದರ ಹೊರತು ದೂರುದಾರರು ಬೇರೇನನ್ನೂ ಮಾಡುವಂತಿರಲಿಲ್ಲ, ಅದನ್ನು ಅವರು ಮಾಡಿದ್ದಾರೆ. ಅವರ ಕಡೆಯಿಂದ ಯಾವ ಅಜಾಗರೂಕತೆಯೂ ಕಂಡುಬರುವುದಿಲ್ಲ.

ಅವರು ಕೋಲನ್ನು ತೊಡೆಯ ಮೇಲೆ ಅಡ್ಡವಿಟ್ಟುಕೊಂಡರು. ಗಂಡ ಎರಡು ಹೆಜ್ಜೆ ಆಚೆ, ಗೋಡೆಗೆ ಒರಗಿ ನಿಂತಿದ್ದರು.

"ಇನ್ನೊಂದ್ಸಲ ಓದಿ ಮೇಡಂ," ಎಂದರು ಕಂಡಕ್ಟರ್. "ಇವ್ರಿಗೆ ಕೇಳಿಸ್ಲಿಲ್ಲ."

"ಕೇಳಿಸ್ತು ಕಣೇ," ಎಂದರು ಗಂಡ. ಹತ್ತಿರ ಬಂದು ಬೆಂಚಿನ ತುದಿಯಲ್ಲಿ ಹೆಂಡತಿಯ ಪಕ್ಕ ಕೂತು, ನನ್ನ ಕಡೆ ನೋಡಿದರು. "ಓದಿ ಮೇಡಂ. ಇನ್ನೊಂದ್ಸಲ ಓದಿ."

ನಾನು ಮೊದಲಿನಿಂದ ಓದಿದೆ.